ಹ್ಯಾಂಬರ್ಗ್ ಬಂದರನ್ನು ನೋಡುವ ಬಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಜರ್ಮನಿಯ ಹ್ಯಾಂಬರ್ಗ್ ಬಂದರಿಗೆ ಸಂಬಂಧಿಸಿದವು. ರಜೆಯಲ್ಲಿ ಯುರೋಪಿಗೆ ಹೊರಟವರು, ಅಲ್ಲಿ ಓದುತ್ತಿರುವ ಮಕ್ಕಳನ್ನು ನೋಡಲು ಹೋಗುವ ತಂದೆತಾಯಿಗಳು, ಹಡಗಿನಲ್ಲಿ ಕೆಲಸ ಮಾಡುವವರ ಮನೆಯವರು ಈ ಪತ್ರಗಳನ್ನು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಹ್ಯಾಂಬರ್ಗ್‌ನಲ್ಲಿ ನಮಗೆ ಎರಡು ದಿನ ಸಿಗುತ್ತದೆ. ಬಂದರು ನೋಡಲು ಒಂದು ಗಂಟೆಯ ದೋಣಿವಿಹಾರ ಸಾಕೆಂದು ಕೆಲವರು, ಊರಿನ ಸಾರಿಗೆ ದೋಣಿಯಲ್ಲೇ ಹೋಗಿಬರಬಹುದೆಂದು ಕೆಲವರು ಹೇಳುತ್ತಾರೆ. ಯಾವುದನ್ನು ಆರಿಸಿಕೊಳ್ಳಬೇಕು?

ಉತ್ತರ: ಎರಡರಲ್ಲಿ ಕಾಣಸಿಗುವುದು ಬೇರೆ ಬೇರೆ. ಆದುದರಿಂದ ಸಾಧ್ಯವಿದ್ದರೆ ಎರಡನ್ನೂ ಮಾಡಿ. ಒಂದನ್ನೇ ಮಾಡಲು ಆಗುವುದಾದರೆ ಸಾರಿಗೆ ದೋಣಿಯನ್ನು ಹಿಡಿಯಿರಿ ಎಂಬುದು ನನ್ನ ಸಲಹೆ. ಇದಕ್ಕೆ ಕಾರಣ ಹೇಳುವ ಮೊದಲು ನೀರಿನ ಬಗ್ಗೆ ಒಂದು ಮಾತು ಹೇಳಬೇಕು. ಹ್ಯಾಂಬರ್ಗ್ ಸಮುದ್ರದ ದಡದಲ್ಲಿ ಇಲ್ಲ. ಉತ್ತರ ಸಮುದ್ರದಿಂದ ನೂರು ಕಿಲೋಮೀಟರಿಗೂ ಹೆಚ್ಚು ಒಳಗೆ, ಎಲ್ಬೆ ನದಿಯ ದಂಡೆಯಲ್ಲಿದೆ. ಹಾಗಿದ್ದರೂ ಸಮುದ್ರದ ಉಬ್ಬರವಿಳಿತ ಅಷ್ಟು ದೂರ ಒಳಗೆ ಬಂದು ಬಂದರಿನ ನೀರನ್ನು ದಿನಕ್ಕೆ ಎರಡು ಸಲ ಮೂರೂವರೆ ಮೀಟರಿಗೂ ಹೆಚ್ಚು ಏರಿಸಿ ಇಳಿಸುತ್ತದೆ. ದೊಡ್ಡ ಹಡಗು ಯಾವಾಗ ಬರುತ್ತದೆ, ಸಣ್ಣ ದೋಣಿ ಯಾವ ಸೇತುವೆಯ ಕೆಳಗೆ ನುಗ್ಗಬಲ್ಲದು, ನೀವು ದೋಣಿ ಹತ್ತಲು ಇಳಿಯುವ ದಾರಿ ಎಷ್ಟು ಕಡಿದಾಗಿರುತ್ತದೆ ಎಂಬುದೆಲ್ಲ ಈ ನೀರನ್ನೇ ಅವಲಂಬಿಸಿದೆ. ಹ್ಯಾಂಬರ್ಗ್‌ನಲ್ಲಿ ದಿನದ ಕಾರ್ಯಕ್ರಮ ಹಾಕುವ ಮುನ್ನ ಸೇಂಟ್ ಪೌಲಿ ಎಂಬ ಸ್ಥಳದ ಉಬ್ಬರವಿಳಿತದ ವೇಳಾಪಟ್ಟಿಯನ್ನು ಒಮ್ಮೆ ನೋಡಿಕೊಂಡವರಿಗೆ ಅರ್ಧ ಬಂದರು ಅರ್ಥವಾದಂತೆಯೇ ಸರಿ.

ವಿಹಾರದ ದೋಣಿಗಳಲ್ಲಿ ಬಾರ್ಕಾಸೆ ಎಂದು ಕರೆಯುವ ತಗ್ಗಾದ ಮೋಟಾರು ದೋಣಿಗಳು ಮುಖ್ಯವಾದವು. ಇವು ದೊಡ್ಡ ಹಡಗುಗಳ ಪಕ್ಕಕ್ಕೆ ಹೋಗುವುದಲ್ಲದೆ ಹಳೆಯ ಉಗ್ರಾಣಗಳ ನಡುವಿನ ಕಾಲುವೆಗಳಲ್ಲಿಯೂ ತೂರಿ ಬರಬಲ್ಲವು. ನೀರು ತೀರ ಇಳಿದಾಗ ಆ ಕಾಲುವೆಗಳಲ್ಲಿ ಕೆಸರು ಮೇಲೆ ಕಾಣುತ್ತದೆ, ತೀರ ಏರಿದಾಗ ಸೇತುವೆಯ ಕಮಾನಿಗೂ ದೋಣಿಯ ಚಾವಣಿಗೂ ನಡುವೆ ಎಡೆ ಉಳಿಯುವುದಿಲ್ಲ. ಹಾಗಾಗಿ ಟಿಕೆಟ್ ಕೊಳ್ಳುವಾಗ, ಈ ಹೊತ್ತಿನ ಸುತ್ತು ಉಗ್ರಾಣದ ಕಾಲುವೆಗಳಿಗೆ ಹೋಗುತ್ತದೆಯೇ ಎಂದು ಸ್ಪಷ್ಟವಾಗಿ ಕೇಳಿಕೊಳ್ಳಿ. ವಿವರಣೆ ಸಾಮಾನ್ಯವಾಗಿ ಜರ್ಮನ್ ಭಾಷೆಯಲ್ಲಿ ಇರುತ್ತದೆ. ಇಂಗ್ಲಿಷ್ ವಿವರಣೆಯ ಸುತ್ತುಗಳಿಗೆ ನಿಗದಿತ ಹೊತ್ತುಗಳಿವೆ.

ಸಾರಿಗೆ ದೋಣಿಯ ವಿಷಯಕ್ಕೆ ಬಂದರೆ, ಲಾಂಡುಂಗ್ಸ್‌ಬ್ರ್ಯೂಕೆನ್ ಎಂಬ ದೋಣಿಗಟ್ಟೆಯಿಂದ ಫಿಂಕೆನ್‌ವೆರ್ಡರ್‌ಗೆ ಹೋಗುವ 62ನೆಯ ಸಂಖ್ಯೆಯ ದೋಣಿಯನ್ನು ಹತ್ತಿರಿ. ಇದು ಊರಿನ ಬಸ್ಸು, ರೈಲುಗಳ ಜಾಲಕ್ಕೇ ಸೇರಿದ್ದರಿಂದ ಆ ದಿನದ ಸಾರಿಗೆ ಟಿಕೆಟ್ಟೇ ಇದಕ್ಕೂ ಸಾಕು. ಸುಮಾರು ಅರ್ಧ ಗಂಟೆಯ ದಾರಿ. ಕೆಲಸಕ್ಕೆ ಹೋಗುವವರು, ಸೈಕಲ್ ತಂದವರು, ಶಾಲೆಯ ಮಕ್ಕಳು ನಿಮ್ಮ ಜೊತೆಗೆ ಇರುತ್ತಾರೆ. ಬಂದರು ಆ ಊರಿನವರ ದಿನನಿತ್ಯದ ಬದುಕು ಎಂಬುದು ಇಲ್ಲಿ ತಿಳಿಯುವಷ್ಟು ಚೆನ್ನಾಗಿ ವಿಹಾರದ ದೋಣಿಯಲ್ಲಿ ತಿಳಿಯುವುದಿಲ್ಲ. ಮೇಲಿನ ತೆರೆದ ಅಟ್ಟದಲ್ಲಿ, ಹೋಗುವಾಗ ಎಡಗಡೆ ಕುಳಿತುಕೊಳ್ಳಿ. ಹೊರಟ ಕೂಡಲೇ ಎದುರು ದಡದಲ್ಲಿ 1877ರಲ್ಲಿ ಆರಂಭವಾದ ಬ್ಲೋಮ್ ಉಂಡ್ ಫೋಸ್ ಹಡಗುಕಟ್ಟೆ ಕಾಣಿಸುತ್ತದೆ. ಅಲ್ಲಿನ ತೇಲುವ ಡಾಕ್‌ಗಳನ್ನು ಗಮನವಿಟ್ಟು ನೋಡಿ. ಡಾಕ್ ತನ್ನ ತೊಟ್ಟಿಗಳಿಗೆ ನೀರು ತುಂಬಿಸಿಕೊಂಡು ತಾನೇ ಮುಳುಗುತ್ತದೆ, ದುರಸ್ತಿಗೆ ಬಂದ ಹಡಗು ಅದರೊಳಗೆ ಸರಿದು ನಿಲ್ಲುತ್ತದೆ, ಆಮೇಲೆ ಪಂಪುಗಳು ನೀರನ್ನು ಹೊರಹಾಕಿದಂತೆ ಡಾಕ್ ಮೇಲೇಳುತ್ತ ಇಡೀ ಹಡಗನ್ನು ನೀರಿನಿಂದ ಎತ್ತಿ ಹಿಡಿಯುತ್ತದೆ. ಅಡಿಭಾಗದವರೆಗೂ ಬರಿದಾಗಿ ನಿಂತ ಹಡಗನ್ನು ನೋಡಿದಾಗಲೇ ಅದರ ನಿಜವಾದ ಗಾತ್ರ ಕಣ್ಣಿಗೆ ತುಂಬುವುದು.

ಹೋಗುವಾಗ ಅಥವಾ ಬರುವಾಗ ನೊಯ್‌ಮ್ಯೂಲೆನ್ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿ ಹಳೆಯ ದೋಣಿಗಳ ಒಂದು ಸಣ್ಣ ತಂಗುದಾಣವಿದೆ. ಅದರಿಂದಾಚೆಗೆ ನದಿಯ ಮರಳದಂಡೆಯ ಗುಂಟ ನಡೆಯಬಹುದು. ಎದುರು ದಡದಲ್ಲೇ ಕಂಟೇನರ್ ಕಟ್ಟೆಗಳಿವೆ. ಇಲ್ಲಿಗೆ ಬರುವ ಅತಿ ದೊಡ್ಡ ಹಡಗುಗಳು ಸುಮಾರು 400 ಮೀಟರ್ ಉದ್ದ, 60 ಮೀಟರಿಗೂ ಹೆಚ್ಚು ಅಗಲವಾಗಿದ್ದು, ಇಪ್ಪತ್ತು ಅಡಿಯ ಪೆಟ್ಟಿಗೆಗಳ ಲೆಕ್ಕದಲ್ಲಿ ಇಪ್ಪತ್ತುಸಾವಿರಕ್ಕೂ ಮಿಕ್ಕಿ ಹೊರಬಲ್ಲವು. ಎಲ್ಬೆಯನ್ನು ಮತ್ತಷ್ಟು ಆಳ ಮಾಡುವ ಕಾಮಗಾರಿ ಮುಗಿದ ಮೇಲೂ ಭಾರ ತುಂಬಿ ಆಳಕ್ಕೆ ಮುಳುಗಿದ ಹಡಗುಗಳು ಉಬ್ಬರದ ಹೊತ್ತನ್ನು ಕಾದೇ ಬರಬೇಕು. ಅಂಥ ಹಡಗನ್ನು ಮುಂದೆ ಹಿಂದೆ ಟಗ್ ದೋಣಿಗಳು ಹಗ್ಗ ಬಿಗಿದು ನದಿಯಲ್ಲೇ ನಿಧಾನವಾಗಿ ತಿರುಗಿಸಿ ಕಟ್ಟೆಗೆ ಒರಗಿಸುವ ಕೆಲಸ ನಿಮ್ಮ ಕಣ್ಣೆದುರಿಗೇ ನಡೆಯುತ್ತದೆ. ಹ್ಯಾಂಬರ್ಗ್‌ನಲ್ಲಿ ಇದಕ್ಕಿಂತ ದೊಡ್ಡ ನೋಟವಿಲ್ಲ, ಇದಕ್ಕೆ ಟಿಕೆಟ್ಟೂ ಇಲ್ಲ. ಹಡಗುಗಳ ಸ್ಥಾನವನ್ನು ತೋರಿಸುವ ಮೊಬೈಲ್ ಆ್ಯಪ್‌ಗಳಲ್ಲಿ ಯಾವುದಾದರೂ ಒಂದನ್ನು ಹಾಕಿಕೊಂಡರೆ, ಬರಲಿರುವ ಹಡಗಿನ ಹೆಸರು, ಉದ್ದ, ಅದು ಹೊರಟ ಬಂದರು ಎಲ್ಲವೂ ಮೊದಲೇ ತಿಳಿಯುತ್ತದೆ. ಅದೇ ದಂಡೆಯಲ್ಲಿ ‘ಆಲ್ಟರ್ ಶ್ವೇಡೆ’ ಎಂಬ 217 ಟನ್ನಿನ ಬಂಡೆಯೊಂದಿದೆ. ಹಿಮಯುಗದಲ್ಲಿ ಹಿಮನದಿಯೊಡನೆ ಸ್ವೀಡನ್ನಿನಿಂದ ಜಾರಿ ಬಂದ ಈ ಬಂಡೆ 1999ರಲ್ಲಿ ನದಿಯ ಹೂಳೆತ್ತುವಾಗ ಸಿಕ್ಕಿತು.

ಪ್ರಶ್ನೆ: ಕಂಟೇನರ್ ಟರ್ಮಿನಲ್‌ನ ಒಳಗೆ ಹೋಗಿ ನೋಡಲು ಪ್ರವಾಸಿಗರಿಗೆ ಬಿಡುತ್ತಾರೆಯೇ? ನಾನು ಇಂಜಿನಿಯರಿಂಗ್ ವಿದ್ಯಾರ್ಥಿ.

ಉತ್ತರ: ನಡೆದುಕೊಂಡು ಒಳಗೆ ಹೋಗಲು ಬಿಡುವುದಿಲ್ಲ, ಬಿಡದಿರುವುದೇ ಸರಿ. ಹಡಗು ಮತ್ತು ಬಂದರುಗಳ ಭದ್ರತೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ನಿಯಮಾವಳಿ 2004ರ ಜುಲೈಯಿಂದ ಜಾರಿಯಲ್ಲಿದ್ದು, ಹಡಗು ನಿಲ್ಲುವ ಕಟ್ಟೆಗಳೆಲ್ಲ ಬೇಲಿಯೊಳಗಿವೆ. ಹೆಸರು, ಗುರುತು ನೋಂದಾಯಿಸದೆ ಯಾರಿಗೂ ಪ್ರವೇಶವಿಲ್ಲ. ಅಲ್ಲಿ ಓಡಾಡುವ ಯಂತ್ರಗಳ ಗಾತ್ರವನ್ನೂ ವೇಗವನ್ನೂ ನೋಡಿದರೆ ಬೇಲಿ ಇರುವುದು ನಮ್ಮ ಕ್ಷೇಮಕ್ಕಾಗಿಯೂ ಹೌದು ಎಂದು ತಿಳಿಯುತ್ತದೆ. ಆದರೂ ಒಂದು ದಾರಿಯಿದೆ. ಟರ್ಮಿನಲ್‌ಗಳ ಒಳಗೆ ಕರೆದೊಯ್ಯುವ ಬಸ್ ಪ್ರವಾಸಗಳು ನಡೆಯುತ್ತವೆ. ಇವಕ್ಕೆ ಮುಂಚಿತವಾಗಿ ಹೆಸರು ಕೊಟ್ಟಿರಬೇಕು, ಆ ದಿನ ಮೂಲ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ನೆರಳಚ್ಚು ಪ್ರತಿ ತೋರಿಸಿ ಒಳಗೆ ಹೋಗಬಹುದು ಎಂದು ನಂಬಿ ಹೋಗಬೇಡಿ.

ನೀವು ಇಂಜಿನಿಯರಿಂಗ್ ಓದುತ್ತಿರುವುದರಿಂದ ಆಲ್ಟೆನ್‌ವೆರ್ಡರ್ ಟರ್ಮಿನಲ್ಲನ್ನು ಒಳಗೊಂಡ ಪ್ರವಾಸವನ್ನೇ ಹುಡುಕಿ. 2002ರಲ್ಲಿ ಕೆಲಸ ಆರಂಭಿಸಿದ ಈ ಟರ್ಮಿನಲ್‌ನಲ್ಲಿ ಕಟ್ಟೆಯ ಕ್ರೇನು ಹಡಗಿನಿಂದ ಇಳಿಸಿದ ಪೆಟ್ಟಿಗೆಯನ್ನು ಚಾಲಕನಿಲ್ಲದ ವಾಹನ ಹೊತ್ತೊಯ್ಯುತ್ತದೆ. ನೆಲದಲ್ಲಿ ಹುದುಗಿಸಿದ ಗುರುತುಗಳನ್ನು ಓದಿಕೊಂಡು ದಾರಿ ಹಿಡಿಯುವ ಆ ವಾಹನಗಳು ಒಂದನ್ನೊಂದು ತಪ್ಪಿಸಿಕೊಂಡು ಪೆಟ್ಟಿಗೆಗಳ ರಾಶಿಯ ಬಳಿಗೆ ಸಾಗುತ್ತವೆ. ರಾಶಿಯ ಮೇಲೆ ಒಂದು ಎತ್ತರದ, ಒಂದು ತಗ್ಗಿನ, ಹೀಗೆ ಎರಡು ಕ್ರೇನುಗಳು ಬೇರೆ ಬೇರೆ ಹಳಿಗಳ ಮೇಲೆ ಓಡುತ್ತವೆ. ದೊಡ್ಡದು ಚಿಕ್ಕದರ ಮೇಲಿಂದಲೇ ದಾಟಿ ಹೋಗಬಲ್ಲದಾದ್ದರಿಂದ ಒಂದರ ಕೆಲಸಕ್ಕೆ ಇನ್ನೊಂದು ನಿಂತು ಕಾಯಬೇಕಾಗಿಲ್ಲ. ಈ ಏರ್ಪಾಡನ್ನು ಬಸ್ಸಿನ ಕಿಟಕಿಯಿಂದ ಹತ್ತು ನಿಮಿಷ ನೋಡುವುದು ಪುಸ್ತಕದಲ್ಲಿ ಅನೇಕ ಸಲ ಓದುವುದಕ್ಕಿಂತ ಹೆಚ್ಚು ಕಲಿಸುತ್ತದೆ.

ಟರ್ಮಿನಲ್ ಇರುವ ಜಾಗದ ಹಿನ್ನೆಲೆಯನ್ನೂ ತಿಳಿದುಕೊಂಡು ಹೋಗಿ. ಆಲ್ಟೆನ್‌ವೆರ್ಡರ್ ಎಂಬುದು ಮೀನುಗಾರರೂ ರೈತರೂ ಇದ್ದ ಹಳ್ಳಿಯಾಗಿತ್ತು. ಬಂದರಿನ ವಿಸ್ತರಣೆಗಾಗಿ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಲ್ಲಿನವರನ್ನೆಲ್ಲ ಎಬ್ಬಿಸಿ ಮನೆಗಳನ್ನು ಕೆಡವಲಾಯಿತು. ಸೇಂಟ್ ಗೆರ್ಟ್ರೂಡ್ ಚರ್ಚು ಮತ್ತು ಅದರ ಸ್ಮಶಾನ ಮಾತ್ರ ಮರಗಳ ನಡುವೆ ಉಳಿದಿವೆ. ಬಂದರಿನ ಬೆಳವಣಿಗೆಯನ್ನು ಮೆಚ್ಚುವ ನಾವು ಅದಕ್ಕೆ ಬೆಲೆ ತೆತ್ತವರು ಯಾರು ಎಂಬುದನ್ನೂ ನೋಡಲೇಬೇಕು ಎಂದು ನಾನು ನಂಬುತ್ತೇನೆ.

ಕಂಟೇನರ್ ಬರುವ ಮುಂಚಿನ ಬಂದರು ಹೇಗಿತ್ತು ಎಂದು ತಿಳಿಯಲು ಹಾನ್ಸಾ ಹಾಫೆನ್‌ನಲ್ಲಿರುವ ಬಂದರು ವಸ್ತುಸಂಗ್ರಹಾಲಯಕ್ಕೆ ಹೋಗಿ. ಹ್ಯಾಂಬರ್ಗ್‌ನ ಬುರ್ಖಾರ್ಡ್‌ಕೈ ಕಟ್ಟೆಗೆ ಮೊದಲ ಪೂರ್ಣ ಕಂಟೇನರ್ ಹಡಗು ಬಂದದ್ದು 1968ರಲ್ಲಿ. ಅದಕ್ಕೂ ಮೊದಲು ಮೂಟೆ, ಪೀಪಾಯಿ, ಪೆಟ್ಟಿಗೆಗಳನ್ನು ಕೂಲಿಯಾಳುಗಳು ಕೊಕ್ಕೆ, ಹಗ್ಗ, ಕೈಗಾಡಿಗಳಿಂದಲೇ ಸಾಗಿಸುತ್ತಿದ್ದರು, ಒಂದು ಹಡಗು ಖಾಲಿಯಾಗಲು ಹಲವು ದಿನ ಹಿಡಿಯುತ್ತಿತ್ತು. ಆ ಸಲಕರಣೆಗಳನ್ನು ಅದೇ ಕಾಲದ ಸರಕು ಚಪ್ಪರದಲ್ಲಿ ಇರಿಸಿದ್ದಾರೆ. 1911ರಲ್ಲಿ ಇದೇ ಊರಿನಲ್ಲಿ ಕಟ್ಟಿದ ‘ಪೆಕಿಂಗ್’ ಎಂಬ ನಾಲ್ಕು ಕಂಬಗಳ ಹಾಯಿಹಡಗು 2020ರಲ್ಲಿ ಅಲ್ಲಿಗೆ ಮರಳಿ ಬಂದಿದೆ. ಅದು ಚಿಲಿ ದೇಶದಿಂದ ಗೊಬ್ಬರಕ್ಕೆ ಬಳಸುವ ನೈಟ್ರೇಟ್ ಉಪ್ಪನ್ನು ತರುತ್ತಿತ್ತು.

ಪ್ರಶ್ನೆ: ನಮ್ಮ ತಂದೆಯವರಿಗೆ ಎಪ್ಪತ್ತಾರು ವರ್ಷ, ಮಂಡಿನೋವು ಇದೆ. ಅವರನ್ನು ಕರೆದುಕೊಂಡು ಹೋದರೆ ಏನೇನು ತೋರಿಸಬಹುದು?

ಉತ್ತರ: ನಿಶ್ಚಿಂತೆಯಿಂದ ಕರೆದೊಯ್ಯಿರಿ. ಒಂದು ಎಚ್ಚರಿಕೆ ಮಾತ್ರ ಬೇಕು. ಲಾಂಡುಂಗ್ಸ್‌ಬ್ರ್ಯೂಕೆನ್ ಕಟ್ಟೆ ನೀರಿನ ಮೇಲೆ ತೇಲುವಂಥದು. ಸುಮಾರು 700 ಮೀಟರ್ ಉದ್ದದ ಈ ಕಟ್ಟೆ ನೀರಿನೊಡನೆ ಏರಿ ಇಳಿಯುತ್ತದೆ. ಅದಕ್ಕೆ ಇಳಿಯುವ ಸಂಪರ್ಕ ಸೇತುವೆಗಳು ಉಬ್ಬರದ ಹೊತ್ತಿಗೆ ಹೆಚ್ಚುಕಡಿಮೆ ಸಮನಾಗಿರುತ್ತವೆ, ಇಳಿತದ ಹೊತ್ತಿಗೆ ಕಡಿದಾಗುತ್ತವೆ. ನೀರು ತುಂಬಿರುವ ಹೊತ್ತನ್ನು ನೋಡಿಕೊಂಡು ಹೋದರೆ ತಂದೆಯವರಿಗೆ ಆಯಾಸವಾಗದು.

ಆ ಕಟ್ಟೆಯ ಪಕ್ಕದಲ್ಲೇ 1911ರಲ್ಲಿ ತೆರೆದ ಹಳೆಯ ಎಲ್ಬೆ ಸುರಂಗವಿದೆ. ನದಿಯ ಈಚೆಗೆ ವಾಸವಿದ್ದ ಕೆಲಸಗಾರರು ಆಚೆಯ ಹಡಗುಕಟ್ಟೆಗಳಿಗೆ ಹೋಗಿಬರಲೆಂದು ಕಟ್ಟಿದ, 426 ಮೀಟರ್ ಉದ್ದದ ಸುರಂಗವಿದು. ಸುಮಾರು 24 ಮೀಟರ್ ಕೆಳಗೆ ಲಿಫ್ಟಿನಲ್ಲಿ ಇಳಿಯಬಹುದು, ಪಾದಚಾರಿಗಳಿಗೆ ಶುಲ್ಕವಿಲ್ಲ. ಒತ್ತಡದ ಗಾಳಿ ತುಂಬಿದ ಕೋಣೆಗಳಲ್ಲಿ ಅಗೆಯಬೇಕಾಗಿದ್ದರಿಂದ ಅದನ್ನು ಕಟ್ಟಿದವರಲ್ಲಿ ಅನೇಕರು ಒತ್ತಡ ಬದಲಾವಣೆಯ ಕಾಯಿಲೆಗೆ ತುತ್ತಾದರು. ಗೋಡೆಗಳ ಮೇಲಿನ ಮೀನು, ಏಡಿಗಳ ಉಬ್ಬುಚಿತ್ರಗಳನ್ನು ನೋಡುತ್ತ ನಿಧಾನವಾಗಿ ನಡೆಯಲಿ. ಸಂಜೆಗೆ ಎಲ್ಬ್‌ಫಿಲ್‌ಹಾರ್ಮೊನಿ ಸಂಗೀತ ಭವನದ 37 ಮೀಟರ್ ಎತ್ತರದ ಜಗಲಿಗೆ ಹೋಗಿ. ಅಲ್ಲಿಗೆ ಮೆಟ್ಟಿಲು ಹತ್ತಬೇಕಾಗಿಲ್ಲ. ಹಡಗಿನೊಳಗೆ ಹೋಗುವ ಆಸೆ ತಂದೆಯವರಿಗಿದ್ದರೆ, ‘ಕಾಪ್ ಸಾನ್ ಡಿಯೇಗೊ’ ಎಂಬ ಹಳೆಯ ಸರಕು ಹಡಗಿನ ಇಂಜಿನ್ ಕೋಣೆಯ ಏಣಿಮೆಟ್ಟಿಲುಗಳು ಬಹಳ ಕಡಿದಾಗಿವೆ ಎಂಬುದು ಗೊತ್ತಿರಲಿ. ಮೇಲಿನ ಅಟ್ಟಗಳಷ್ಟನ್ನೇ ತೋರಿಸಿ.

ಪ್ರಶ್ನೆ: ನನ್ನ ಮಗ ಕಂಟೇನರ್ ಹಡಗಿನಲ್ಲಿ ಕೆಲಸಕ್ಕಿದ್ದಾನೆ. ಮಗಳು ಜರ್ಮನಿಯಲ್ಲಿದ್ದಾಳೆ, ನಾನು ಅವಳ ಮನೆಗೆ ಹೋಗುವ ತಿಂಗಳಲ್ಲೇ ಅವನ ಹಡಗು ಹ್ಯಾಂಬರ್ಗ್‌ಗೆ ಬರುವುದಿದೆ. ಬಂದರಿಗೆ ಹೋಗಿ ಅವನನ್ನು ನೋಡಲು ಸಾಧ್ಯವೇ?

ಉತ್ತರ: ಸಾಧ್ಯವಿದೆ, ತಾಯಿ. ಅದಕ್ಕೆ ಬೇಕಾದ ಏರ್ಪಾಡು ನಿಮ್ಮ ಮಗನ ಕಡೆಯಿಂದಲೇ ಆರಂಭವಾಗಬೇಕು. ಅವರು ಮೊದಲು ಕ್ಯಾಪ್ಟನ್ನರ ಒಪ್ಪಿಗೆ ಪಡೆಯಬೇಕು. ಆಮೇಲೆ ಆ ಬಂದರಿನಲ್ಲಿ ಹಡಗಿನ ವ್ಯವಹಾರ ನೋಡಿಕೊಳ್ಳುವ ಏಜೆಂಟರು ನಿಮ್ಮ ಹೆಸರು, ಪಾಸ್‌ಪೋರ್ಟ್ ವಿವರಗಳನ್ನು ಟರ್ಮಿನಲ್‌ಗೆ ತಿಳಿಸಬೇಕು. ಹೀಗೆ ಒಪ್ಪಿಗೆ ಬಂದರೆ ಟರ್ಮಿನಲ್‌ನ ವಾಹನವೇ ನಿಮ್ಮನ್ನು ಗೇಟಿನಿಂದ ಹಡಗಿನವರೆಗೆ ಕರೆದೊಯ್ಯುತ್ತದೆ. ಕಾಲಿಗೆ ಗಟ್ಟಿಯಾದ, ಜಾರದ ಬೂಟು ಇರಲಿ. ಹಡಗಿಗೆ ಹತ್ತುವ ಏಣಿ ಉದ್ದವಾಗಿ, ಅಲ್ಲಾಡುವಂತೆ ಇರುತ್ತದೆ. ಸೀರೆಗಿಂತ ಬೇರೆ ಉಡುಪು ಅನುಕೂಲ.

ಒಪ್ಪಿಗೆ ಸಿಗದಿದ್ದರೂ ಎದೆಗುಂದಬೇಡಿ. ಸಿಬ್ಬಂದಿ ಪಟ್ಟಿಯಲ್ಲಿ ಹೆಸರಿರುವ ನಾವಿಕರು ಬಂದರು ಇರುವ ಊರಿನ ವ್ಯಾಪ್ತಿಯಲ್ಲಿ ತಿರುಗಾಡಿ ಬರಲು ಷೆಂಗೆನ್ ನಿಯಮಗಳಲ್ಲಿ ಅವಕಾಶವಿದೆ. ಬಿಡುವು ದೊರೆತರೆ ಅವರೇ ಹೊರಗೆ ಬರಬಹುದು. ಟರ್ಮಿನಲ್‌ಗಳ ಹತ್ತಿರವೇ ‘ಡುಕ್‌ಡಾಲ್ಬೆನ್’ ಎಂಬ ನಾವಿಕರ ಕ್ಲಬ್ಬು 1986ರಿಂದ ನಡೆಯುತ್ತಿದೆ. ಜಗತ್ತಿನ ಎಲ್ಲ ದೇಶಗಳ ನಾವಿಕರು ಅಲ್ಲಿ ಮನೆಗೆ ಫೋನು ಮಾಡಲು, ಆಟವಾಡಲು, ಸುಮ್ಮನೆ ಕುಳಿತು ಕಾಫಿ ಕುಡಿಯಲು ಬರುತ್ತಾರೆ, ಹಲವು ಧರ್ಮಗಳವರು ಪ್ರಾರ್ಥಿಸಲು ಅಲ್ಲಿ ಒಂದು ಕೋಣೆಯೂ ಇದೆ. ನೀವು ಅಲ್ಲಿ ಭೇಟಿಯಾಗಬಹುದೇ ಎಂದು ಮಗನ ಮೂಲಕ ಮೊದಲೇ ವಿಚಾರಿಸಿಕೊಳ್ಳಿ.

ಎರಡು ವಿಷಯಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಹವಾಮಾನ, ಹಿಂದಿನ ಬಂದರಿನಲ್ಲಿ ಆದ ತಡ, ಕಟ್ಟೆ ಖಾಲಿಯಿಲ್ಲದಿರುವುದು ಹೀಗೆ ನಾನಾ ಕಾರಣಗಳಿಂದ ಹಡಗಿನ ದಿನ ಬದಲಾಗುತ್ತಲೇ ಇರುತ್ತದೆ, ಆದ್ದರಿಂದ ರದ್ದುಮಾಡಲಾಗದ ರೈಲು ಟಿಕೆಟ್ ಕೊಳ್ಳಬೇಡಿ. ಎರಡನೆಯದಾಗಿ, ಹಡಗು ಕಟ್ಟೆಯಲ್ಲಿರುವ ಹೊತ್ತೇ ಸಿಬ್ಬಂದಿಗೆ ಅತಿ ಹೆಚ್ಚು ಕೆಲಸವಿರುವ ಹೊತ್ತು. ಮಗನಿಗೆ ಸಿಗುವುದು ಒಂದೆರಡು ಗಂಟೆಯ ಬಿಡುವು ಮಾತ್ರವಾಗಿದ್ದರೆ ಅದು ಅವರ ಕೈಯಲ್ಲಿರುವ ಮಾತಲ್ಲ.

ಹಡಗು ಹೊರಡುವ ವೇಳೆ ಹಗಲಿನಲ್ಲಿ ಬಿದ್ದರೆ, ನದಿಯ ಕೆಳಭಾಗದ ವೇಡೆಲ್ ಪಟ್ಟಣಕ್ಕೆ ಹೋಗಿ. ಅಲ್ಲಿ ವಿಲ್‌ಕೊಮ್ ಹ್ಯೋಫ್ಟ್ ಎಂಬ ಜಾಗದಲ್ಲಿ ಹ್ಯಾಂಬರ್ಗ್‌ಗೆ ಬರುವ, ಅಲ್ಲಿಂದ ಹೊರಡುವ ದೊಡ್ಡ ಹಡಗುಗಳಿಗೆ ಧ್ವಜ ಇಳಿಸಿ, ಆ ಹಡಗು ನೋಂದಣಿಯಾದ ದೇಶದ ರಾಷ್ಟ್ರಗೀತೆಯನ್ನು ನುಡಿಸಿ ವಂದಿಸುವ ಪದ್ಧತಿ 1952ರಿಂದ ನಡೆದುಬಂದಿದೆ. ಮಗನ ಹಡಗು ಲೈಬೀರಿಯಾದಲ್ಲಿಯೋ ಪನಾಮಾದಲ್ಲಿಯೋ ನೋಂದಣಿಯಾಗಿದ್ದರೆ ಕೇಳಿಸುವುದು ಆ ದೇಶದ ಗೀತೆಯೇ. ಹಡಗು ದಡಕ್ಕೆ ಹತ್ತಿರವಾಗಿಯೇ ಹಾದುಹೋಗುತ್ತದೆ. ನೀವು ಎಲ್ಲಿ ನಿಂತಿರುತ್ತೀರಿ ಎಂದು ಮಗನಿಗೆ ಮೊದಲೇ ತಿಳಿಸಿಟ್ಟಿರಿ.

ಪ್ರಶ್ನೆ: ಹಳೆಯ ಉಗ್ರಾಣಗಳ ಪ್ರದೇಶವನ್ನು ನೋಡಲೇಬೇಕು ಎನ್ನುತ್ತಾರೆ. ಇಟ್ಟಿಗೆಯ ಕಟ್ಟಡಗಳಲ್ಲಿ ಅಂಥದ್ದೇನಿದೆ? ಮಕ್ಕಳಿಗೆ ಬೇಸರವಾಗದೇ?

ಉತ್ತರ: ಶ್ಪೈಷರ್‌ಶ್ಟಾಟ್ ಎಂದು ಕರೆಯುವ ಈ ಪ್ರದೇಶವನ್ನು ಬರಿಯ ಕಟ್ಟಡಗಳಾಗಿ ನೋಡಿದರೆ ಮಕ್ಕಳಿಗೇಕೆ, ದೊಡ್ಡವರಿಗೂ ಅರ್ಧ ಗಂಟೆಯಲ್ಲಿ ಬೇಸರವಾಗುತ್ತದೆ. ಅದು ಸುಂಕದ ಕಥೆ ಎಂದು ತಿಳಿದು ನೋಡಿ. ಹ್ಯಾಂಬರ್ಗ್ ಜರ್ಮನ್ ಸಾಮ್ರಾಜ್ಯದ ಸುಂಕ ವಲಯಕ್ಕೆ ಸೇರಲು ಒಪ್ಪಿದಾಗ, ಬಂದರಿನ ಒಂದು ಭಾಗವನ್ನು ಸುಂಕವಿಲ್ಲದ ಪ್ರದೇಶವಾಗಿ ಉಳಿಸಿಕೊಂಡಿತು. ಕಾಫಿ, ಚಹಾ, ಕೋಕೋ, ಸಂಬಾರ ಪದಾರ್ಥಗಳನ್ನು ಅಲ್ಲಿ ಸುಂಕ ಕೊಡದೆ ಇರಿಸಿ, ಹದಮಾಡಿ, ಬೇರೆ ದೇಶಗಳಿಗೆ ಮಾರಬಹುದಾಗಿತ್ತು. ಅದಕ್ಕಾಗಿ 1883ರಲ್ಲಿ ಉಗ್ರಾಣಗಳ ಕೆಲಸ ಆರಂಭವಾಯಿತು, 1888ರಲ್ಲಿ ಮೊದಲ ಭಾಗ ತೆರೆಯಿತು. ಆ ಜಾಗದಲ್ಲಿ ವಾಸವಿದ್ದ ಸುಮಾರು ಇಪ್ಪತ್ತು ಸಾವಿರ ಜನರನ್ನು ಒಕ್ಕಲೆಬ್ಬಿಸಲಾಯಿತು. ಸುಂಕಮುಕ್ತ ವಲಯ 2013ರ ಜನವರಿ 1ರಂದು ರದ್ದಾಯಿತು. ಉಗ್ರಾಣಗಳು 2015ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಮಕ್ಕಳಿಗೆ ಒಂದು ಕೆಲಸ ಕೊಡಿ. ಪ್ರತಿ ಉಗ್ರಾಣಕ್ಕೂ ಒಂದು ಮುಖ ಬೀದಿಗೆ, ಇನ್ನೊಂದು ಮುಖ ಕಾಲುವೆಗೆ ಇರುತ್ತದೆ. ನೆತ್ತಿಯಲ್ಲಿ ಚಾಚಿಕೊಂಡ ರಾಟೆಯ ಗೂಡನ್ನೂ ಅದರ ಕೆಳಗೆ ಅಂತಸ್ತಿಗೊಂದರಂತೆ ಇರುವ ಬಾಗಿಲುಗಳನ್ನೂ ಅವರು ಹುಡುಕಲಿ, ದೋಣಿಯಲ್ಲಿ ಬಂದ ಮೂಟೆ ಯಾವ ದಾರಿಯಲ್ಲಿ ಐದನೆಯ ಅಂತಸ್ತಿಗೆ ಹೋಗುತ್ತಿತ್ತು ಎಂದು ಅವರೇ ಹೇಳಲಿ. ಆಮೇಲೆ ಉಗ್ರಾಣದ ಒಳಗೇ ಇರುವ ಸಂಬಾರ ಪದಾರ್ಥಗಳ ಸಂಗ್ರಹಾಲಯಕ್ಕೆ ಕರೆದೊಯ್ಯಿರಿ. ಮೆಣಸು, ಏಲಕ್ಕಿಗಳನ್ನು ಮುಟ್ಟಿ ಮೂಸಿ ನೋಡಲು ಅಲ್ಲಿ ಅಡ್ಡಿಯಿಲ್ಲ. ಪುಟ್ಟ ರೈಲುಗಳ ಪ್ರಸಿದ್ಧ ಪ್ರದರ್ಶನ ‘ಮಿನಿಯಾಟೂರ್ ವುಂಡರ್‌ಲಾಂಡ್’ ಕೂಡ ಇಲ್ಲಿಯೇ ಇದೆ, ಅದಕ್ಕೆ ಮುಂಗಡ ಟಿಕೆಟ್ ಮಾಡಿಸಿಕೊಳ್ಳದೆ ಹೋಗಬೇಡಿ.

ಪ್ರಶ್ನೆ: ಮೇ ತಿಂಗಳಿನ ಬಂದರು ಹಬ್ಬದ ಸಮಯಕ್ಕೇ ಹೋಗಬೇಕೇ, ಬೇರೆ ದಿನವಾದರೂ ಆದೀತೇ?

ಉತ್ತರ: 1189ರ ಮೇ 7ರಂದು ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸನು ಸುಂಕ ವಿನಾಯಿತಿಯ ಸನದು ಕೊಟ್ಟನೆಂಬ ನಂಬಿಕೆಯ ಮೇಲೆ ಈ ಹಬ್ಬ ನಡೆಯುತ್ತದೆ. ಈಗ ಉಳಿದಿರುವ ಸನದು ನಂತರದ ಕಾಲದಲ್ಲಿ ಸೃಷ್ಟಿಸಿದ್ದು ಎಂದು ಇತಿಹಾಸಕಾರರು ತೀರ್ಮಾನಿಸಿದ್ದಾರೆ, ಹಬ್ಬಕ್ಕೆ ಅದರಿಂದ ಏನೂ ಕುಂದಾಗಿಲ್ಲ. ಹಾಯಿಹಡಗುಗಳ ಮೆರವಣಿಗೆ, ಟಗ್ ದೋಣಿಗಳು ಸಂಗೀತಕ್ಕೆ ತಕ್ಕಂತೆ ನೀರಿನಲ್ಲಿ ಕುಣಿಯುವುದು ಚೆನ್ನಾಗಿರುತ್ತವೆ. ಆದರೆ ಲಕ್ಷಗಟ್ಟಲೆ ಜನ ಸೇರುವುದರಿಂದ ದೋಣಿಗಳಲ್ಲಿ ಜಾಗ ಸಿಗದು, ವಸತಿಯೂ ದುಬಾರಿ. ಬಂದರಿನ ಕೆಲಸವನ್ನು ನೋಡುವ ಆಸೆಯಿದ್ದವರು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಯಾವುದಾದರೂ ಸಾಮಾನ್ಯ ವಾರದಲ್ಲಿ ಹೋಗುವುದು ಒಳ್ಳೆಯದು. ಬಂದರು ವಸ್ತುಸಂಗ್ರಹಾಲಯ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಭಾನುವಾರ ಅಲ್ಲಿರುವುದಾದರೆ 1703ರಿಂದ ನಡೆಯುತ್ತಿರುವ ಮೀನು ಸಂತೆಗೆ ಹೋಗಿ. ಹಣ್ಣು, ಹೂವು, ಗಿಡಗಳನ್ನು ಕೂಗಿ ಮಾರುವವರೂ ಅಲ್ಲಿರುವುದರಿಂದ ಸಸ್ಯಾಹಾರಿಗಳಿಗೂ ನೋಡಲು ಬೇಕಾದಷ್ಟಿದೆ. ಬೇಸಿಗೆಯಲ್ಲಿ ಬೆಳಗಿನ ಐದಕ್ಕೆ, ಚಳಿಗಾಲದಲ್ಲಿ ಏಳಕ್ಕೆ ಆರಂಭವಾಗುವ ಸಂತೆ ಒಂಬತ್ತೂವರೆಗೆ ಮುಗಿಯುತ್ತದೆ. ಯಾವ ತಿಂಗಳಾದರೂ ಗಾಳಿ ತಡೆಯುವ ಟೋಪಿಯಿರುವ ಮಳೆಯಂಗಿ ಜೊತೆಗಿರಲಿ, ನದಿಯ ಮೇಲೆ ಬೀಸುವ ಗಾಳಿಗೆ ಕೊಡೆ ನಿಲ್ಲುವುದಿಲ್ಲ.